ಕೀಳುವ ರೇಟು

ಹಾಕಿದ್ದೂ ನಾನೇ.
ಸಾವಿರದ ನೂರ ನಲ್ವತ್ತು ಇಂಟರ್‌ಲಾಕ್ ಕಲ್ಲು,
ಕೊಡಿಕಲ್ಲಿನ ಏರುದಾರಿಯಲ್ಲಿ, ಸೆವ್ರಿನ್ ಬಾಯಮ್ಮನ ಅಂಗಳಕ್ಕೆ,
ಅವರ ಮಗಳ ರೋಸಿನ ವಾರ.
"ಒಂದು ಹನಿ ನಿಲ್ಲಬಾರದು ಹಸೈನಾರ್,
ಕೆಸರು ಕಂಡರೆ ನನಗಾಗುವುದಿಲ್ಲ."
ಟ್ಯೂಬಿಗೆ ನೀರು ತುಂಬಿ ಮಟ್ಟ ಹಿಡಿದೆ,
ಬಾವಿಕಟ್ಟೆಯಿಂದ ಗೇಟಿಗೆ ಮೂರು ಇಂಚು ಇಳಿಜಾರು.
ಒಂದು ಕೊಡಪಾನ ಸುರಿದು ನೋಡಿದರೆ
ಲಾಂಗ್ ಬೆಲ್ ಕೇಳಿದ ಮಕ್ಕಳ ಹಾಗೆ ಗೇಟು ದಾಟಿತು ನೀರು.
ಅವರು ನಕ್ಕರು. ನಾನೂ.
ನೂರು ರೂಪಾಯಿ ಹೆಚ್ಚು ಕೊಟ್ಟರು.

ದಾಟಿ ಎಲ್ಲಿಗೆ ಹೋಯಿತೆಂದು
ಆ ದಿನ ಯಾರೂ ಕೇಳಲಿಲ್ಲ.
ಗೇಟಿನಾಚೆಗಿನದು ಕೂಲಿಗೆ ಸೇರಿರಲಿಲ್ಲ.

ಆಮೇಲೆ ಮೇಲಿನ ಮನೆ, ಅದರ ಮೇಲಿನದು, ಎದುರಿನ ಫ್ಲಾಟು,
ದಾರಿಗೂ ಕಾಂಕ್ರೀಟು.
ಅಂಗಳಗಳೆಲ್ಲ ಸೇರಿ ಒಂದೇ ಜಾರುಬಂಡೆ.

ತಗ್ಗಿನಲ್ಲಿ, ತೋಡಿನ ಬದಿಗೆ, ಗಿರಿಜಕ್ಕನ ಮನೆ.
ಒಂದು ಆಟಿಯ ರಾತ್ರಿ ನೀರು ಒಳಗೆ ಬಂದು
ಬೀಡಿ ಎಲೆಯ ಕಟ್ಟು, ತಡ್ಪೆಯ ಹೊಗೆಸೊಪ್ಪು, ಬ್ರಾಂಚಿನ ಪುಸ್ತಕ
ಎಲ್ಲ ಒಂದೇ ಕಷಾಯ.
ಮರುದಿನ ಬಿಸಿಲಿಲ್ಲದ ಚಾವಡಿಯಲ್ಲಿ ಎಲೆ ಹರಡುತ್ತಾ
"ಮೊದಲೂ ಬರುತ್ತಿತ್ತು" ಅಂದಳು,
"ಬಾಗಿಲಲ್ಲಿ ನಿಂತು, ನೋಡಿ ಹೋಗುತ್ತಿತ್ತು.
ಈಗ ಓಡಿಕೊಂಡೇ ಬರುತ್ತದೆ ಮಾರಾಯ,
ಯಾರೋ ಅಟ್ಟಿಸಿದ ಹಾಗೆ."
ನಾನು ತೋಡಿನ ಕಡೆ ನೋಡಿದೆ.
ಅಟ್ಟಿಸಿದ ಕೈ ಕಿಸೆಯಲ್ಲಿತ್ತು.

ಅದರ ಮುಂದಿನ ಮಾರ್ಚಿನಲ್ಲಿ, ಮೇಲೆ,
ಬಾಯಮ್ಮನ ಬಾವಿಗೆ ಇಳಿದ ಕೊಡಪಾನ
ಕಲ್ಲಿಗೆ ತಾಗಿ ಠಣ್ ಅಂದಿತು.
ಟ್ಯಾಂಕರಿನವನು ಪೈಪು ಎಳೆದ ದಿನ ನನಗೆ ಫೋನು:
"ಹಾಕಿದ್ದನ್ನು ಕೀಳಲಿಕ್ಕೆ ಎಷ್ಟು ತೆಗೆದುಕೊಳ್ಳುತ್ತಿ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ರೇಟು.

ಹಾರೆ ಹಾಕಿ ಮೊದಲನೆಯದನ್ನು ಎಬ್ಬಿಸಿದೆ.
ಒಂದು ಎದ್ದರೆ ಉಳಿದವು ಸಲೀಸು,
ಒಂದರ ಕೈ ಒಂದು ಹಿಡಿದದ್ದೇ ಅವುಗಳ ಬಲ.
ಅಡಿಯಲ್ಲಿ ಜಲ್ಲಿಪುಡಿ. ಅದರಡಿ ಮಣ್ಣು,
ಮಣ್ಣೆಂಥದು, ಹಂಚು. ಎರೆಹುಳವಿಲ್ಲ, ವಾಸನೆಯಿಲ್ಲ.
ಒಂದೇ ಒಂದು ಗರಿಕೆ, ಬೆಳಕು ಕಾಣದೆ ಬಿಳಿಚಿ,
ಸಂದು ಹುಡುಕುತ್ತಾ ಮೊಳದುದ್ದ ಮಲಗಿತ್ತು.

ಬಾವಿಯಿಂದ ಹತ್ತು ಹೆಜ್ಜೆಗೆ ಗುಂಡಿ ತೆಗೆದೆ, ಸೊಂಟದಾಳ.
ಮುರಕಲ್ಲಿನ ಚೂರು, ಚರಳು, ಮರಳು,
ಮೇಲೆ ತರಗೆಲೆ ಬೆರೆಸಿದ ಮಣ್ಣು.
ಅಂಚಿಗೆ ಲಾವಂಚ, ನಡುವೆ ಕೆಸು.
ಕಾರು ನಿಲ್ಲುವಲ್ಲಿ ಮಾತ್ರ ಹಳೆಯ ಕಲ್ಲೇ, ಬೆರಳಗಲ ಬಿಟ್ಟು ಬಿಟ್ಟು.
"ಹಲ್ಲು ಉದುರಿದವನ ನಗು" ಅಂದರು ಬಾಯಮ್ಮ.
ಆದರೆ ಸಂದಿಗೆ ಗರಿಕೆ ಊರುವಾಗ
ಸೆರಗು ಸಿಕ್ಕಿಸಿ ಅವರೂ ಕುಕ್ಕರುಗಾಲಲ್ಲಿ ಕೂತರು.

ಮೊದಲ ಮಳೆಗೆ ಸರಿಯಾಗಲಿಲ್ಲ, ಹೇಳಬೇಕಲ್ಲ.
ಗುಂಡಿ ತುಂಬಿ ಕೆಂಪು ಕೆಸರು ಮೆಟ್ಟಿಲು ಹತ್ತಿತು,
ಕೆಸು ಕಿತ್ತು ತೇಲಿತು,
ಕೊಂಕಣಿಯಲ್ಲಿ ಬೈಗುಳ. ಅರ್ಧ ಅರ್ಥವಾಯಿತು,
ಉಳಿದರ್ಧಕ್ಕೆ ಅರ್ಥ ಬೇಕಿರಲಿಲ್ಲ.
ಗೇಟಿನ ಬದಿಗೆ ಒಂದು ಗೇಣು ತಗ್ಗಿಸಿ ಕಂಡಿ ಬಿಟ್ಟೆ.
ಬೇರು ಹಿಡಿಯಲಿ ಅಂತ ಕಾದೆವು.

ಜುಲೈಯ ಒಂದು ಮಧ್ಯಾಹ್ನ ಕಡಲ ಕಡೆಯಿಂದ ಕಪ್ಪಾಗಿ ಬಂದದ್ದು
ಅಂಗಳಕ್ಕೆ ಬಿದ್ದು,
ಹೊಸ ಸಂಬಂಧದ ನೆಂಟರ ಹಾಗೆ ಅತ್ತಿತ್ತ ನೋಡಿ,
ಕುಳಿತುಕೊಂಡಿತು.
ಮಾಡಿನಡಿ ನಿಂತು ಬೀಡಿ ಹಚ್ಚಿದೆ,
ಗಿರಿಜಕ್ಕನೇ ಕಟ್ಟಿದ್ದೋ ಏನೋ.
ನಾಲ್ಕು ಬೀಡಿ ಮುಗಿಯುವಾಗ
ಗುಂಡಿ ಗುಟುಕು ಗುಟುಕಾಗಿ ಕುಡಿದು ಮುಗಿಸಿತ್ತು.

ಇದೊಂದು ಅಂಗಳ. ಏರುದಾರಿಯಲ್ಲಿ ಇನ್ನೂ ಮೂವತ್ತೊಂದು,
ಅದರಲ್ಲಿ ಹದಿನಾಲ್ಕು ನನ್ನದೇ ಕೈಕೆಲಸ.
ಗಿರಿಜಕ್ಕನ ಹೊಸ್ತಿಲಿಗೆ ಈ ಸಲವೂ ನೀರು ಬಂತು,
ಒಂದು ಅಕ್ಕಿಕಾಳಿನಷ್ಟು ಕಡಿಮೆಯೋ, ಅಳೆದವರು ಯಾರು.

ನಾಳೆ ಉರ್ವದಲ್ಲಿ ಕೆಲಸ ಉಂಟು, ಎಂಟುನೂರು ಕಲ್ಲು.
ಮಟ್ಟದ ಟ್ಯೂಬು ಚೀಲಕ್ಕೆ ಹಾಕಿದೆ,
ಅದರಡಿ ಒಂದು ಹಿಡಿ ಗರಿಕೆ, ಒದ್ದೆ ಗೋಣಿಯಲ್ಲಿ ಸುತ್ತಿ.
ಕೇಳಿ ನೋಡುವುದು, ಬೆರಳಗಲ ಬಿಡಲಾ ಅಂತ.
ಬೇಡ ಅಂದರೆ ಹಾಕಿ ಕೊಡುವುದು.
ಕೀಳುವ ರೇಟೂ
ಈಗಲೇ ಹೇಳಿ ಇಡುವುದು.